ಒಳ್ಳೆಯ ಕುರ್ಚಿ, ಸಾಧಾರಣ ಗಾಲಿ: ಮಗಳ ವೀಲ್‌ಚೇರಿನೊಂದಿಗೆ 14 ತಿಂಗಳು

ಗಾಲಿಕುರ್ಚಿ ಎಂಬ ಒಂದೇ ಪದದೊಳಗೆ ಎರಡು ವಸ್ತುಗಳಿವೆ ಎಂಬುದು ಅದನ್ನು ಕೊಂಡು ತರುವವರೆಗೂ ನನಗೆ ಹೊಳೆದಿರಲಿಲ್ಲ. ಕೂರುವುದಕ್ಕೆ ಒಂದು ಕುರ್ಚಿ, ಓಡಾಡುವುದಕ್ಕೆ ನಾಲ್ಕು ಗಾಲಿ. ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದಾಗ ಒಂದರ ಗುಣವೇ ಇನ್ನೊಂದರ ದೋಷವಾಗುವುದುಂಟು. 9 ವರ್ಷದ ನನ್ನ ಮಗಳಿಗಾಗಿ ಕೊಂಡ, ಇಡೀ ಆಸನವೇ ಹಿಂದಕ್ಕೆ ಬಾಗುವ ಮಕ್ಕಳ ವೀಲ್‌ಚೇರನ್ನು 14 ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಮಾದರಿಯ ಕುರ್ಚಿಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ, ಮತ್ತು ನಾನು ಇಲ್ಲಿ ಹೇಳುವ ಗುಣದೋಷಗಳಲ್ಲಿ ಬಹುಪಾಲು ಈ ಮಾದರಿಗೇ ಸೇರಿದವು.

ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆ ಮತ್ತು ಭಂಗಿಯ ಹಿಡಿತ ತಪ್ಪುವ ಸ್ಥಿತಿ. ಕಾಲುಗಳ ಸ್ನಾಯುಗಳು ಬಿಗಿ, ಬೆನ್ನು ಮತ್ತು ಸೊಂಟದ ಸ್ನಾಯುಗಳು ದುರ್ಬಲ, ಬಲಗೈ ಚೆನ್ನಾಗಿ ಬರುತ್ತದೆ, ಎಡಗೈ ತಡವಾಗಿ ಮಾತು ಕೇಳುತ್ತದೆ. ಇಂಥ ಮಕ್ಕಳ ಚಲನಶಕ್ತಿಯನ್ನು 5 ಹಂತಗಳಲ್ಲಿ ಗುರುತಿಸುವ, 1997ರಲ್ಲಿ ಪ್ರಕಟವಾದ ವರ್ಗೀಕರಣವೊಂದಿದೆ. ಅದರಲ್ಲಿ ಅವಳದು 4ನೆಯ ಹಂತ. ಆಸರೆ ಕೊಟ್ಟು ಕೂರಿಸಿದರೆ ಕೂರುತ್ತಾಳೆ, ಸಮತಟ್ಟಾದ ನೆಲದಲ್ಲಿ ಸ್ವಲ್ಪ ದೂರ ತಾನೇ ಗಾಲಿ ತಿರುಗಿಸಬಲ್ಲಳು, ಮಿಕ್ಕ ದೂರವನ್ನೆಲ್ಲ ಯಾರಾದರೂ ತಳ್ಳಬೇಕು. ಈ ವಿವರವನ್ನು ಮೊದಲೇ ಹೇಳಲು ಕಾರಣವಿದೆ. ಒಬ್ಬ ಮಗುವಿಗೆ ಒಪ್ಪಿದ ಕುರ್ಚಿ ಇನ್ನೊಬ್ಬ ಮಗುವಿಗೆ ಒಪ್ಪಬೇಕೆಂದಿಲ್ಲ, ಆದ್ದರಿಂದ ಯಾರ ದೇಹಕ್ಕಾಗಿ ಕೊಂಡದ್ದು ಎಂದು ತಿಳಿಸದ ವೀಲ್‌ಚೇರ್ ವಿಮರ್ಶೆಯಿಂದ ಓದುವವರಿಗೆ ಉಪಯೋಗ ಕಡಿಮೆ.

ಆರು ವರ್ಷದವರೆಗೆ ಅವಳು ದೊಡ್ಡ ಅಳತೆಯ ಸ್ಟ್ರಾಲರ್‌ನಲ್ಲಿ ಓಡಾಡಿದಳು. ಹಗುರ, ಮಡಚಲು ಸುಲಭ, ಆದರೆ ಅದರಲ್ಲಿ ಕೂತವರನ್ನೆಲ್ಲ ಜನ ಕೂಸೆಂದೇ ತಿಳಿಯುತ್ತಾರೆ. "ಇಷ್ಟು ದೊಡ್ಡವಳಾಗಿದ್ದೀಯ, ನಡೆಯಬಾರದೇ" ಎಂಬ ಮಾತನ್ನು ಅವಳು ಎಷ್ಟು ಸಲ ಕೇಳಿಸಿಕೊಂಡಳೋ ಲೆಕ್ಕವಿಲ್ಲ. ಆಮೇಲೆ ಬಂದದ್ದು ಎಲ್ಲ ಆಸ್ಪತ್ರೆಗಳಲ್ಲೂ ಕಾಣುವ, ಅಡಿಯಲ್ಲಿ ಕತ್ತರಿಯಂತೆ ಕೂಡುವ ಮಡಚು ವೀಲ್‌ಚೇರಿನ ಮಕ್ಕಳ ಅಳತೆ. ಆ ವಿನ್ಯಾಸ 1930ರ ದಶಕದ್ದು. ಗಣಿ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಬಿದ್ದಿದ್ದ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಅದನ್ನು ರೂಪಿಸಿದ್ದು ಕಾರಿನೊಳಗೆ ಇಟ್ಟುಕೊಂಡು ಹೋಗಲು ಅನುಕೂಲವಾಗಲೆಂದು. ಆ ಉದ್ದೇಶವನ್ನು ಅದು ಇಂದಿಗೂ ಚೆನ್ನಾಗಿಯೇ ಪೂರೈಸುತ್ತದೆ. ಆದರೆ ಮಡಚಲೆಂದು ಆಸನಕ್ಕೆ ಬಟ್ಟೆ ಬಿಗಿದಿರುವುದರಿಂದ ಕೆಲವೇ ತಿಂಗಳಲ್ಲಿ ಅದು ಜೋಲಿಯಂತೆ ಜೋತುಬೀಳುತ್ತದೆ, ತೊಡೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ. ಮೊದಲೇ ಬಿಗಿ ಸ್ನಾಯುಗಳಿರುವ ಮಗುವಿನಲ್ಲಿ ಸೊಂಟದ ಕೀಲು ಸರಿಯುವ ಮತ್ತು ಬೆನ್ನು ಡೊಂಕಾಗುವ ಅಪಾಯ ಹೆಚ್ಚು. ಥೆರಪಿಸ್ಟ್ ಒಮ್ಮೆ ಅವಳ ಹಿಂದೆ ನಿಂತು, ಎರಡು ಭುಜಗಳ ಎತ್ತರದಲ್ಲಿದ್ದ ವ್ಯತ್ಯಾಸವನ್ನು ಬೆರಳಿನಿಂದ ತೋರಿಸಿದ ದಿನ ಹೊಸ ಕುರ್ಚಿಯ ಹುಡುಕಾಟ ಶುರುವಾಯಿತು.

ಅಳತೆ ತೆಗೆದುಕೊಳ್ಳುವಾಗ ನಾನು ಮಾಡಹೊರಟ ತಪ್ಪನ್ನು ಬಹುತೇಕ ಎಲ್ಲ ಪೋಷಕರೂ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಬೆಳೆಯುವ ಮಕ್ಕಳಿಗೆ ಬಟ್ಟೆಯನ್ನು ಒಂದು ಅಳತೆ ದೊಡ್ಡದಾಗಿ ಕೊಳ್ಳುವಂತೆ ಕುರ್ಚಿಯನ್ನೂ ಅಗಲವಾಗಿ ಕೊಂಡರೆ ನಾಲ್ಕು ವರ್ಷ ಬಾಳೀತು ಎಂಬುದು ನನ್ನ ಲೆಕ್ಕವಾಗಿತ್ತು. ಅಗಲ ಹೆಚ್ಚಾದರೆ ಮಗು ಮಧ್ಯದಲ್ಲಿ ಕೂರದೆ ಒಂದು ಬದಿಗೆ ಒರಗುತ್ತದೆ, ಮತ್ತು ಗಾಲಿಗಳು ಕೈಗೆ ಎಟುಕದಷ್ಟು ದೂರ ಹೋಗುತ್ತವೆ. ಆಸನದ ಆಳ ಹೆಚ್ಚಾದರೆ ಅಂಚು ಮೊಣಕಾಲಿನ ಹಿಂಭಾಗಕ್ಕೆ ಒತ್ತುವುದರಿಂದ ಮಗು ತಾನಾಗಿಯೇ ಮುಂದೆ ಜಾರಿ, ಬೆನ್ನು ಬಾಗಿಸಿ ಕೂರಲಾರಂಭಿಸುತ್ತದೆ. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಬೇಕು. ಈ ಕುರ್ಚಿಯ ಮೊದಲ ದೊಡ್ಡ ಗುಣವೆಂದರೆ, ಬೆಳವಣಿಗೆಯ ಲೆಕ್ಕವನ್ನು ಚೌಕಟ್ಟಿನೊಳಗೇ ಇಟ್ಟಿರುವುದು. ಆಸನದ ಕೊಳವೆಗಳು ಒಂದರೊಳಗೊಂದು ಜಾರುತ್ತವೆ. ಬೋಲ್ಟ್ ಸಡಿಲಿಸಿ ಆಳವನ್ನು, ಅಡ್ಡಪಟ್ಟಿ ಬದಲಿಸಿ ಅಗಲವನ್ನು ಹೆಚ್ಚಿಸಬಹುದು. ಈ 14 ತಿಂಗಳಲ್ಲಿ ಆಳವನ್ನು ಒಮ್ಮೆ 2 ಸೆಂಟಿಮೀಟರ್ ಹೆಚ್ಚಿಸಿದ್ದೇವೆ, ಪಾದದ ಹಲಗೆಯನ್ನು ಎರಡು ಸಲ ಇಳಿಸಿದ್ದೇವೆ. ಒಂದು ಅಲೆನ್ ಕೀ ಮತ್ತು ಅರ್ಧ ಗಂಟೆ ಸಾಕಾಯಿತು.

ಇನ್ನು ಹಿಂದಕ್ಕೆ ಬಾಗುವ ವ್ಯವಸ್ಥೆ. ಬಸ್ಸಿನ ಸೀಟಿನಂತೆ ಬೆನ್ನಿನ ಭಾಗ ಮಾತ್ರ ಒರಗುವುದು ಬೇರೆ, ಕೂತ ಭಂಗಿ ಕದಲದಂತೆ ಇಡೀ ಆಸನ ತೊಟ್ಟಿಲಿನ ಹಾಗೆ ಹಿಂದಕ್ಕೆ ಹೊರಳುವುದು ಬೇರೆ. ಬೆನ್ನು ಮಾತ್ರ ಒರಗಿದಾಗ ಸೊಂಟದ ಕೋನ ತೆರೆದುಕೊಳ್ಳುತ್ತದೆ. ಸ್ನಾಯು ಸೆಡೆತವಿರುವ ಮಗುವಿಗೆ ಅಷ್ಟೇ ಸಾಕು, ಇಡೀ ದೇಹ ಬಿಲ್ಲಿನಂತೆ ಸೆಟೆದು ಮುಂದಕ್ಕೆ ಜಾರುತ್ತದೆ, ಚರ್ಮ ಬಟ್ಟೆಗೆ ಉಜ್ಜುತ್ತದೆ. ಆಸನವಿಡೀ ಹೊರಳಿದಾಗ ಕೋನ ಹಾಗೆಯೇ ಉಳಿದು, ಕುಳಿತ ಭಾಗದ ಮೇಲಿನ ಭಾರ ಬೆನ್ನಿಗೆ ಹಂಚಿಹೋಗುತ್ತದೆ. ತಾನಾಗಿ ಮಗ್ಗುಲು ಬದಲಿಸಲಾಗದ ಮಗುವಿಗೆ ಒತ್ತಡದ ಹುಣ್ಣು ಆಗದಂತೆ ಕಾಯುವ ಉಪಾಯವೂ ಇದೇ. ಸ್ವಲ್ಪವೇ ಬಾಗಿಸಿದರೆ ಸಿಗುವುದು ಭಂಗಿಯ ಆಸರೆ ಮಾತ್ರ. ಕುಳಿತ ಭಾಗದ ಒತ್ತಡ ನಿಜವಾಗಿ ಇಳಿಯಬೇಕಾದರೆ ಸುಮಾರು 30 ಡಿಗ್ರಿಯಾದರೂ ಬಾಗಿಸಬೇಕು, ಆಗಾಗ ಬಾಗಿಸಬೇಕು. ನಮ್ಮ ಕುರ್ಚಿ 35 ಡಿಗ್ರಿಯವರೆಗೆ ಹೋಗುತ್ತದೆ. ಹಿಡಿಕೆಯ ಪಕ್ಕದ ಸನ್ನೆಯನ್ನು ಒತ್ತಿದರೆ ಗ್ಯಾಸ್ ತುಂಬಿದ ಕೊಳವೆ ಮೆಲ್ಲಗೆ ಆಸನವನ್ನು ಇಳಿಸುತ್ತದೆ, ಒಂದು ಕೈ ಸಾಕು, ನಿದ್ದೆ ಹೋಗಿದ್ದರೂ ಅವಳಿಗೆ ಎಚ್ಚರವಾಗುವುದಿಲ್ಲ. ಮೊದಲು ಮುಕ್ಕಾಲು ಗಂಟೆಗೇ ದಣಿದು ತಲೆ ಜೋತುಹಾಕುತ್ತಿದ್ದವಳು ಈಗ ಮೂರು ಗಂಟೆ ಹೊರಗಿರಬಲ್ಲಳು. ಕುರ್ಚಿ ಎಂಬ ಅರ್ಧಕ್ಕೆ ನಾನು ಪೂರ್ತಿ ಅಂಕ ಕೊಡುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆಯನ್ನು ಕೈಪಿಡಿ ಸಣ್ಣ ಅಕ್ಷರದಲ್ಲಿ ಹೇಳುತ್ತದೆ, ನಾನು ದೊಡ್ಡದಾಗಿ ಹೇಳುತ್ತೇನೆ: ಊಟ ಮಾಡಿಸುವಾಗ, ನೀರು ಕುಡಿಸುವಾಗ ಆಸನವನ್ನು ಹಿಂದಕ್ಕೆ ಬಾಗಿಸಿಡಬಾರದು. ಕತ್ತು ಹಿಂದಕ್ಕೆ ಹೋದರೆ ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಗದ್ದ ತುಸು ಕೆಳಗಿದ್ದು, ಬೆನ್ನು ನೇರವಾಗಿರಬೇಕು. ಬೇರೆ ಭಂಗಿಯನ್ನು ನುಂಗುವಿಕೆ ಪರೀಕ್ಷಿಸಿದ ಥೆರಪಿಸ್ಟ್ ಹೇಳಿದರೆ ಮಾತ್ರ ಅನುಸರಿಸಬೇಕು.

ಗಾಲಿಯ ವಿಷಯಕ್ಕೆ ಬಂದರೆ, ಮಳಿಗೆಯ ನುಣುಪು ನೆಲದ ಮೇಲೆ ಎಲ್ಲ ಕುರ್ಚಿಯೂ ಹಂಸದಂತೆ ತೇಲುತ್ತದೆ. ಬೀದಿಗೆ ಇಳಿದ ಮೊದಲ ವಾರವೇ ಮುಂದಿನ 6 ಇಂಚಿನ ಸಣ್ಣ ಗಾಲಿಗಳು ತಮ್ಮ ಸ್ವಭಾವ ತೋರಿಸಿದವು. ಚರಂಡಿಯ ಕಬ್ಬಿಣದ ಜಾಲರಿ, ಲಿಫ್ಟ್‌ಗೂ ನೆಲಕ್ಕೂ ನಡುವಿನ ಸಂದು, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ತೆರಪು, ಕಿತ್ತುಬಂದ ಒಂದು ಕಲ್ಲು, ಇಷ್ಟಿದ್ದರೆ ಸಾಕು, ಗಾಲಿ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ, ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಸೊಂಟದ ಬೆಲ್ಟ್ ಇಲ್ಲದಿದ್ದರೆ ಎರಡು ಸಲವಾದರೂ ಮಗಳು ನೆಲಕ್ಕೆ ಬೀಳುತ್ತಿದ್ದಳು. ಗಾಲಿಯ ವ್ಯಾಸ ದೊಡ್ಡದಾದಷ್ಟೂ ತಡೆಯನ್ನು ಹತ್ತುವುದು ಸುಲಭ ಎಂಬುದು ಬಂಡಿ ಹೂಡುವವರೆಲ್ಲ ಬಲ್ಲ ಸಂಗತಿ. ಆದ್ದರಿಂದ ಸಂದು ದಾಟುವಾಗ ಕುರ್ಚಿಯನ್ನು ತಿರುಗಿಸಿ, ಹಿಂದಿನ 22 ಇಂಚಿನ ದೊಡ್ಡ ಗಾಲಿಗಳನ್ನು ಮೊದಲು ದಾಟಿಸುವುದನ್ನು ರೂಢಿ ಮಾಡಿಕೊಂಡೆವು. 8 ಇಂಚಿನ ಗಾಲಿ ಹಾಕಿಸಿದರೆ ಆಗದೇ ಎಂದು ಕೇಳುವವರಿಗೆ ಉತ್ತರ: ಹಾಕಿಸಿ ನೋಡಿದೆವು. ಬೀದಿಯಲ್ಲಿ ಸೊಗಸಾಗಿ ಹೋಯಿತು, ಆದರೆ ತಿರುಗುವಾಗ ಗಾಲಿ ಪಾದದ ಹಲಗೆಗೆ ಬಡಿಯಿತು, ಅಲ್ಲದೆ ಮುಂಭಾಗ ಒಂದು ಇಂಚು ಎತ್ತರವಾಗಿ ಆಸನದ ಕೋನವೇ ಬದಲಾಯಿತು. ಕೊಳ್ಳುವ ಮೊದಲೇ ದೊಡ್ಡ ಗಾಲಿಗೆ ಹೊಂದುವ ಫೋರ್ಕ್, ಅಂದರೆ ಗಾಲಿಯನ್ನು ಹಿಡಿದಿಡುವ ಕವಲು, ಕೇಳಿ ಪಡೆಯಬೇಕಿತ್ತು. ಈ ಮಾದರಿಯ ಬಗ್ಗೆ ನನ್ನ ಮೊದಲ ದೂರು ಇದು: ಇದನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಒಳಾಂಗಣ.

ಎರಡನೆಯ ದೂರು ತೂಕ. ಆಸನ, ತಲೆಯಾಸರೆ, ಪಕ್ಕದ ದಿಂಬುಗಳೆಲ್ಲ ಸೇರಿ ಕುರ್ಚಿಯೇ 18 ಕಿಲೋ, ಮಗಳು 22 ಕಿಲೋ, ಚೀಲದ 2 ಕಿಲೋ ಸೇರಿಸಿದರೆ 42. ಸಮತಟ್ಟು ದಾರಿಯಲ್ಲಿ ಈ ಭಾರ ಗೊತ್ತಾಗುವುದಿಲ್ಲ. ರ‍್ಯಾಂಪ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 1:12, ಅಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು. ಅಂಥದ್ದನ್ನು ಹತ್ತುವಾಗ ಕೈಗೆ ಬೀಳುವ ಹೊರೆ ಮೂರೂವರೆ ಕಿಲೋದಷ್ಟು, ಅದನ್ನು ಯಾರೂ ನಿಭಾಯಿಸಬಹುದು. ಆದರೆ ಅಂಗಡಿಯ ಮುಂದೆ, ಬ್ಯಾಂಕಿನ ಮುಂದೆ ಕಾಟಾಚಾರಕ್ಕೆ ಹಾಕಿದ ಸಿಮೆಂಟಿನ ದಿಬ್ಬಗಳು 1:6ರಷ್ಟು ಕಡಿದಾಗಿರುವುದೂ ಉಂಟು. ಅಲ್ಲಿ ಹೊರೆ ಏಳು ಕಿಲೋ, ಇಳಿಯುವಾಗ ಅಷ್ಟನ್ನೇ ಹಿಡಿದು ತಡೆಯಬೇಕು, ಅಂಗೈ ಬೆವರಿದ್ದರೆ ದೇವರೇ ಗತಿ. ಹಿಡಿಕೆಯಲ್ಲೇ ಒತ್ತುವ ಡ್ರಮ್ ಬ್ರೇಕ್ ಈ ಕುರ್ಚಿಗೆ ಐಚ್ಛಿಕವಾಗಿ ಸಿಗುತ್ತದೆ. ತಳ್ಳುವವರಲ್ಲಿ ಅಜ್ಜಿಯೋ ತಾತನೋ ಇದ್ದರೆ ಅದನ್ನು ಕಡ್ಡಾಯವೆಂದೇ ಭಾವಿಸಿ. ಗಾಲಿಯನ್ನು ಒತ್ತಿಹಿಡಿಯುವ ಮಾಮೂಲಿ ಲಾಕ್ ನಿಲ್ಲಿಸಿಡುವುದಕ್ಕಷ್ಟೇ ಇರುವುದು. ಅದೂ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಹಿಡಿಯುವುದಿಲ್ಲ. ಗಾಳಿ ಇಳಿದ ಟೈರಿಗೂ ಲಾಕ್ ಜಾರುವುದಕ್ಕೂ ಇರುವ ಸಂಬಂಧವನ್ನು ನಾನು ಕಂಡುಕೊಂಡದ್ದು ಬಸ್ ನಿಲ್ದಾಣದಲ್ಲಿ, ಟಿಕೆಟ್ ತೆಗೆಯಲು ಒಂದು ಕ್ಷಣ ಕೈಬಿಟ್ಟಾಗ, ಕುರ್ಚಿ ತನ್ನಷ್ಟಕ್ಕೆ ಒಂದು ಮಾರು ಹೊರಟುಹೋದ ಮೇಲೆ. ಅಂದಿನಿಂದ ವಾರಕ್ಕೊಮ್ಮೆ ಪಂಪು ಹಿಡಿಯುತ್ತೇನೆ.

ಪಾದಚಾರಿ ಮಾರ್ಗದ ಅಡ್ಡ ಇಳಿಜಾರಿನ ಬಗ್ಗೆ ನಮ್ಮ ಕುರ್ಚಿಯ ಕೈಪಿಡಿ ಮಾತಾಡುವುದಿಲ್ಲ. ನೀರು ಹರಿಯಲೆಂದು ಮಾರ್ಗವನ್ನು ರಸ್ತೆಯ ಕಡೆಗೆ ತುಸು ವಾಲಿಸಿರುತ್ತಾರೆ. 50ಕ್ಕೆ 1ರಷ್ಟಿದ್ದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚಾದರೆ ಕುರ್ಚಿ ಕ್ಷಣಕ್ಷಣವೂ ವಾಹನಗಳತ್ತ ಎಳೆಯುತ್ತದೆ. ಒಂದು ಮೈಲಿ ನಡೆದು ಬಂದ ಮೇಲೆ ನೋಯುವುದು ಒಂದೇ ಕೈಯ ಮಣಿಕಟ್ಟು. ದೃಷ್ಟಿಹೀನರಿಗಾಗಿ ಹಾಸುವ ಉಬ್ಬುಗಳಿರುವ ಹಾಸುಗಲ್ಲುಗಳ ಮೇಲಂತೂ ಸಣ್ಣ ಗಾಲಿಗಳು ಗಡಗಡಿಸಿ ಮಗಳ ತಲೆ ನಡುಗುತ್ತದೆ. ಆ ಹಾಸುಗಲ್ಲನ್ನು 1965ರಲ್ಲಿ ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಬೀದಿಯಲ್ಲಿ ಮೊದಲ ಬಾರಿಗೆ ಹಾಸಿದರು. ಕಾಣದವರ ಕೋಲಿಗೆ ದಾರಿಯಾಗಿರುವುದು ನಮ್ಮ ಗಾಲಿಗೆ ತೊಡಕಾಗಿದೆ ಎಂದು ಅದನ್ನು ಕೀಳಿಸಬೇಕೆನ್ನುವವರು ನಾವಲ್ಲ. ಆಸನವನ್ನು 10 ಡಿಗ್ರಿ ಬಾಗಿಸಿ, ಹಿಡಿಕೆಯನ್ನು ತುಸು ಒತ್ತಿ ಮುಂದಿನ ಗಾಲಿಗಳ ಭಾರ ಇಳಿಸಿದರೆ ನಡುಕ ಅರ್ಧದಷ್ಟಾಗುತ್ತದೆ.

ಹೀಗೆ ಮುಂಭಾಗ ಎತ್ತುವಾಗ ಒಂದು ಪ್ರಮಾದ ನಡೆಯಿತು. ಕುರ್ಚಿ ಹಿಂದಕ್ಕೆ ಉರುಳದಂತೆ ತಡೆಯಲು ಹಿಂಬದಿಯಲ್ಲಿ ಎರಡು ಪುಟ್ಟ ಗಾಲಿಗಳಿರುತ್ತವೆ. ಮೆಟ್ಟಿಲಂಚು ಹತ್ತಿಸಬೇಕಾದರೆ ಅವನ್ನು ಮೇಲಕ್ಕೆ ಮಡಚಬೇಕು, ಹತ್ತಿದ ಮೇಲೆ ಮತ್ತೆ ಇಳಿಸಬೇಕು. ನಾನು ಇಳಿಸಲು ಮರೆತೆ. ಹಿಡಿಕೆಗೆ ಚೀಲ ನೇತುಹಾಕಿದ್ದೆ. ಮಗಳನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದ ಮರುಕ್ಷಣವೇ ಖಾಲಿ ಕುರ್ಚಿ ಚೀಲದ ಭಾರಕ್ಕೆ ದಢಾರನೆ ಹಿಂದಕ್ಕೆ ಮಗುಚಿತು. ಅವಳು ಬಿದ್ದುಬಿದ್ದು ನಕ್ಕಳು. ನನಗೆ ನಗು ಬರಲು ಸಂಜೆಯಾಯಿತು. ಚೀಲ ಈಗ ಆಸನದ ಅಡಿಯಲ್ಲಿ ಹೋಗುತ್ತದೆ.

ಲಿಫ್ಟ್‌ಗಳಲ್ಲಿ ಈ ಕುರ್ಚಿ ಸಲೀಸು. ಪಾದದ ಹಲಗೆ ಸೇರಿ ಉದ್ದ ಒಂದು ಮೀಟರ್‌ಗಿಂತ ಚೂರು ಹೆಚ್ಚು, 1.1 ಮೀಟರ್ ಅಗಲ, 1.4 ಮೀಟರ್ ಆಳದ ಲಿಫ್ಟ್‌ನೊಳಗೆ ನಾವಿಬ್ಬರೂ ಹಿಡಿಸುತ್ತೇವೆ. ತಿರುಗಲು ಜಾಗವಿಲ್ಲ, ಅದಕ್ಕೆ ಒಂದೂವರೆ ಮೀಟರ್ ಬೇಕು, ಹಾಗಾಗಿ ಹಿಮ್ಮುಖವಾಗಿ ಹೊರಬರಬೇಕು. ಲಿಫ್ಟ್‌ನ ಹಿಂಗೋಡೆಯ ಕನ್ನಡಿ ತಲೆ ಬಾಚಿಕೊಳ್ಳಲೆಂದು ಇರುವುದೆಂದೇ ನಾನು ನಂಬಿದ್ದೆ. ವೀಲ್‌ಚೇರಿನಲ್ಲಿ ಹಿಂದಕ್ಕೆ ಬರುವವರು ಬಾಗಿಲ ಬಳಿ ಯಾರಿದ್ದಾರೆಂದು ನೋಡಿಕೊಳ್ಳಲೆಂದು ಅದನ್ನು ಹಾಕುತ್ತಾರೆ. ಆ ಕನ್ನಡಿಯಲ್ಲೇ ನನಗೆ ಇನ್ನೊಂದು ವಿಷಯವೂ ಕಂಡಿತು. ಹೊರಗೆ ಹೋದ ಇಡೀ ದಿನ ನಾನು ನೋಡುವುದು ಅವಳ ನೆತ್ತಿಯನ್ನು, ಅವಳು ನೋಡುವುದು ರಸ್ತೆಯನ್ನು. ಅವಳ ಮಾತು ನಿಧಾನ, ದನಿ ಸಣ್ಣದು, ವಾಹನಗಳ ಸದ್ದಿನಲ್ಲಿ ಹಿಂದಿರುವ ನನಗೆ ಏನೂ ಕೇಳಿಸುವುದಿಲ್ಲ. ಲಿಫ್ಟ್‌ನ ಕನ್ನಡಿಯಲ್ಲಿ ನಾವು ಎದುರುಬದುರಾದಾಗ ಅವಳ ಮುಖದಲ್ಲಿದ್ದದ್ದು ಸಿಟ್ಟು. ಹಿಂದಿನ ಮಹಡಿಯಲ್ಲಿ ಮೀನಿನ ತೊಟ್ಟಿಯ ಮುಂದೆ ನಿಲ್ಲಿಸು ಎಂದು ಮೂರು ಸಲ ಹೇಳಿದ್ದಳಂತೆ.

ಕುರ್ಚಿಯನ್ನು ಆರಿಸುವಾಗ ನಾನು ಕೇಳಿದ ಪ್ರಶ್ನೆಗಳೆಲ್ಲ ಅವಳನ್ನು ಹೇಗೆ ಕೂರಿಸುವುದು, ಹೇಗೆ ಸಾಗಿಸುವುದು ಎಂಬುದರ ಸುತ್ತ ಇದ್ದವು. ಅವಳೇ ಗಾಲಿಗೆ ಕೈಹಾಕುವ ಮಾತು ಅಲ್ಲಿ ಬಂದಿರಲಿಲ್ಲ. ಭುಜದಿಂದ ಕೈಯನ್ನು ಇಳಿಬಿಟ್ಟಾಗ ಬೆರಳ ತುದಿ ಹಿಂದಿನ ಗಾಲಿಯ ಅಚ್ಚಿನ ಹತ್ತಿರ ಬರಬೇಕು, ಆಗ ಮಾತ್ರ ಗಾಲಿಯ ಹೊರಬದಿಯ ತಳ್ಳುವ ಬಳೆ ಸರಿಯಾಗಿ ಕೈಗೆ ಸಿಗುತ್ತದೆ. ಬಾಗುವ ಆಸನದ ಕುರ್ಚಿಯಲ್ಲಿ ಹಿಂದಕ್ಕೆ ಉರುಳಬಾರದೆಂದು ಅಚ್ಚನ್ನು ಬಹಳ ಹಿಂದೆ ಇಟ್ಟಿರುತ್ತಾರೆ, ದಪ್ಪ ಕುಶನ್ ಅವಳನ್ನು ಎತ್ತರಿಸುತ್ತದೆ, ಪಕ್ಕದ ತಟ್ಟೆ ಮೊಣಕೈಗೆ ಅಡ್ಡ ಬರುತ್ತದೆ. ಕೂರಿಸುವಲ್ಲಿನ ಜಾಣ್ಮೆಯೆಲ್ಲ ಓಡಾಡುವಲ್ಲಿ ಬೇಲಿಯಾಗಿತ್ತು. ಥೆರಪಿಸ್ಟ್ ಜೊತೆ ಕೂತು ಅಚ್ಚನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದೆವು, ಕುಶನ್ ತೆಳುವಾದದ್ದನ್ನು ಹಾಕಿದೆವು, ಪಕ್ಕದ ತಟ್ಟೆಗಳನ್ನು ಬಟ್ಟೆ ಸಿಗದಷ್ಟು ಮಾತ್ರ ತಗ್ಗಿಸಿದೆವು. ಕುರ್ಚಿ ಈಗ ಮುಂಚಿಗಿಂತ ಬೇಗ ಹಿಂದಕ್ಕೆ ಮಗುಚಬಲ್ಲದು, ಆದ್ದರಿಂದ ಆ ಪುಟ್ಟ ಗಾಲಿಗಳನ್ನು ಮರೆಯುವ ಸ್ವಾತಂತ್ರ್ಯ ನನಗಿಲ್ಲ. ಆದರೆ ನುಣುಪು ನೆಲವಿರುವ ಕಡೆ ಅವಳು 30, 40 ಅಡಿ ತಾನೇ ಹೋಗುತ್ತಾಳೆ. ಬಲಗೈ ಜೋರಾದ್ದರಿಂದ ಸದಾ ಎಡಕ್ಕೆ ವಾಲುತ್ತಾಳೆ, ಗೋಡೆಗೆ ತಾಗುತ್ತಾಳೆ, ಹಿಂದೆ ಸರಿದು ಮತ್ತೆ ಹೊರಡುತ್ತಾಳೆ. ಗ್ರಂಥಾಲಯದಲ್ಲಿ ಒಮ್ಮೆ ನಾನು ಕರೆದರೂ ನಿಲ್ಲದೆ ಕಪಾಟಿನ ಆಚೆಗೆ ತಿರುಗಿಹೋದಳು. "ಇವಳಿಗೆ ಏನಾಗಿದೆ?" ಎಂದು ಅವಳ ತಲೆಯ ಮೇಲಿಂದ ನನ್ನನ್ನು ಕೇಳುವವರು ಅವಳು ತಾನೇ ಗಾಲಿ ತಿರುಗಿಸುತ್ತಿರುವಾಗ ಅವಳನ್ನೇ ಕೇಳುತ್ತಾರೆ. ಉತ್ತರ ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಬಸ್ಸು, ವ್ಯಾನುಗಳಲ್ಲಿ ಕುರ್ಚಿಯಲ್ಲೇ ಕೂತು ಹೋಗುವುದಾದರೆ ಒಂದು ಅಂಶವನ್ನು ಖಚಿತಪಡಿಸಿಕೊಳ್ಳಿ. ವಾಹನದ ಸೀಟಾಗಿ ಬಳಸಬಹುದಾದ ವೀಲ್‌ಚೇರುಗಳಿಗೆ ಐಎಸ್‌ಒ 7176-19 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಗಂಟೆಗೆ 48 ಕಿಲೋಮೀಟರ್ ವೇಗದ ಮುಂಭಾಗದ ಡಿಕ್ಕಿಯನ್ನು ಅನುಕರಿಸಿ ಪರೀಕ್ಷಿಸುತ್ತಾರೆ. ಪಾಸಾದ ಕುರ್ಚಿಯ ಚೌಕಟ್ಟಿನಲ್ಲಿ ಪಟ್ಟಿ ಕಟ್ಟುವ ನಾಲ್ಕು ಜಾಗಗಳಿಗೆ ಕೊಕ್ಕೆಯ ಗುರುತು ಇರುತ್ತದೆ. ನಮ್ಮದಕ್ಕೆ ಇದೆ. ಆದರೆ ಭಂಗಿಗಾಗಿ ಇರುವ ಸೊಂಟದ ಬೆಲ್ಟು ಅಪಘಾತದಲ್ಲಿ ಕಾಯುವ ಬೆಲ್ಟ್ ಅಲ್ಲ, ವಾಹನದ ಸೀಟ್ ಬೆಲ್ಟನ್ನು ಅದರ ಮೇಲೆ ಬೇರೆಯಾಗಿ ಹಾಕಲೇಬೇಕು. ಕಾರಿನಲ್ಲಿ ಹೋಗುವವರು ಈ ಕುರ್ಚಿ ಮಡಚುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಗಾಲಿ ಕಳಚಿ, ಆಸನ ಬಿಚ್ಚಿ, ಎರಡು ತುಂಡು ಮಾಡಿ ಇಡಬಹುದು; ಮಳೆಯಲ್ಲಿ ಒಮ್ಮೆ ಮಾಡಿದರೆ ಸಾಕು, ಮಡಚುವುದೆಂಬ ಪದದ ಅರ್ಥ ಮನವರಿಕೆಯಾಗುತ್ತದೆ.

ಮಾರಾಟದ ನಂತರದ ಸೇವೆ ನನಗೆ ತೀರಾ ನಿರಾಸೆ ತಂದದ್ದು. 11ನೆಯ ತಿಂಗಳಲ್ಲಿ, ಆಸನ ಬಾಗಿಸುವ ಸನ್ನೆಯ ಕೇಬಲ್ ತುಂಡಾಯಿತು. ಸೈಕಲ್ ಬ್ರೇಕಿನ ತಂತಿಯಷ್ಟೇ ದಪ್ಪದ ವಸ್ತು ಅದು. ಬಿಡಿಭಾಗ ಬರಲು ಐದು ವಾರ ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ವಿನಯವಾಗಿ ಮಾತಾಡಿದರು, ಅಷ್ಟೇ. ಆಸನ ಬಾಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರಿಂದ ಕುರ್ಚಿ ಬಳಕೆಗೆ ಬರುವಂತಿರಲಿಲ್ಲ, ಐದೂ ವಾರ ಮಗಳು ಹಳೆಯ ಜೋಲಿ ಆಸನದ ಮಡಚು ಕುರ್ಚಿಯಲ್ಲಿ, ಅಡಿಗೆ ಒಂದು ಹಲಗೆ ಹಾಕಿ, ಪಕ್ಕಕ್ಕೆ ಟವೆಲ್ ಸುತ್ತಿಟ್ಟುಕೊಂಡು ಕಳೆದಳು. ಶಾಲೆಗೆ ಅರ್ಧ ದಿನ ಮಾತ್ರ ಹೋಗಲಾಯಿತು. ಕೊಳ್ಳುವವರು ಬಣ್ಣ ಆರಿಸುವ ಮೊದಲು ಕೇಬಲ್, ಒಳ ಟ್ಯೂಬ್, ಮುಂದಿನ ಗಾಲಿಯ ಬೇರಿಂಗ್ ಎಲ್ಲಿ, ಎಷ್ಟು ದಿನದಲ್ಲಿ ಸಿಗುತ್ತವೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು ಕೇಬಲನ್ನು ಹೆಚ್ಚಾಗಿಯೇ ಕೊಂಡು ಮನೆಯಲ್ಲಿಡಿ. ಬೆನ್ನಿಗೆ ಆಸರೆ ಬೇಕಿಲ್ಲದ, ಕೈ ಗಟ್ಟಿಯಿರುವ ಮಗುವಿಗೆ ಈ ಕುರ್ಚಿ ಬೇಡವೇ ಬೇಡ, 10 ಕಿಲೋ ಆಸುಪಾಸಿನ ಗಟ್ಟಿ ಚೌಕಟ್ಟಿನ ಹಗುರ ಕುರ್ಚಿ ನೋಡಿ. ನನ್ನ ಮಗಳಂಥವರಿಗಾದರೆ ಕೊಳ್ಳಬಹುದು, ಅಚ್ಚನ್ನು ಮುಂದಕ್ಕೆ ಸರಿಸಲು ಬರುತ್ತದೆಯೇ ಎಂದು ಮೊದಲು ಕೇಳಿ. ಯಾರಿಗಾದರೂ ಕೊಟ್ಟುಬಿಡೋಣವೆಂದು ಒರೆಸಿಟ್ಟಿದ್ದ ಹಳೆಯ ಕುರ್ಚಿ ಮತ್ತೆ ಬಾಗಿಲ ಹಿಂದೆ ತನ್ನ ಜಾಗಕ್ಕೆ ಹೋಗಿದೆ, ಹಲಗೆ ಮತ್ತು ಟವೆಲಿನ ಸಮೇತ.